ವಡ್ಡಾರಾಧನೆಯ ವಾಯುಭೂತಿ: ದೋಷ, ಪರಿವರ್ತನೆ ಮತ್ತು ಅನುಗ್ರಹದ ಪ್ರಶ್ನೆ

ಉಪಲಬ್ಧ ಕನ್ನಡ ಗದ್ಯಕೃತಿಗಳಲ್ಲಿ ಅತ್ಯಂತ ಪ್ರಾಚೀನವಾದದ್ದೆಂಬ ಕಾರಣದಿಂದ ವಡ್ಡಾರಾಧನೆಯು ಭಾಷಾಶಾಸ್ತ್ರಜ್ಞರ ಹಾಗೂ ಗ್ರಂಥಸಂಪಾದಕರ ಗಮನವನ್ನು ಸೆಳೆದಷ್ಟು ಕಥಾಸಾಹಿತ್ಯದ ಅಭ್ಯಾಸಿಗಳ ಗಮನವನ್ನು ಸೆಳೆದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1949ರಲ್ಲಿ ಪ್ರಕಟವಾದ ಮೇಲೆ ಕೃತಿಯ ಕಾಲ, ಕರ್ತೃ ಮತ್ತು ಹೆಸರಿನ ನಿಷ್ಪತ್ತಿಯನ್ನು ಕುರಿತು ದೀರ್ಘವಾದ ಚರ್ಚೆ ನಡೆದಿದೆ. ಕೃತಿಯು ಸು. 920ರದೆಂಬುದು ಬಹುಮಟ್ಟಿಗೆ ರೂಢಿಗೆ ಬಂದ ಅಭಿಪ್ರಾಯ. ಕರ್ತೃ ಶಿವಕೋಟ್ಯಾಚಾರ್ಯನೋ ಭ್ರಾಜಿಷ್ಣುವೋ ಎಂಬ ವಿವಾದ ಇನ್ನೂ ಉಳಿದಿದೆ. ಇವೆಲ್ಲವೂ ಅಗತ್ಯವಾದ ಚರ್ಚೆಗಳೇ. ಆದರೆ ಇವುಗಳ ನಡುವೆ ಇಲ್ಲಿನ ಹತ್ತೊಂಬತ್ತು ಕಥೆಗಳು ಕೇವಲ ಕರ್ಮಫಲದ ಯಾಂತ್ರಿಕ ನಿರೂಪಣೆಗಳೆಂಬ ಒಂದು ಅಭಿಪ್ರಾಯವು ಹೆಚ್ಚಿನ ಪರಿಶೀಲನೆಯಿಲ್ಲದೆ ಬೇರೂರಿಬಿಟ್ಟಿದೆ. ಮಾಡಿದ್ದನ್ನು ಉಣ್ಣಬೇಕು, ಉಂಡು ತೀರಿದ ಮೇಲೆ ಬಿಡುಗಡೆ. ಇಷ್ಟೇ ಈ ಕಥೆಗಳ ಸಾರವೆಂದು ಹೇಳುವುದುಂಟು. ಮೊದಲನೆಯ ಕಥೆಯಾದ ಸುಕುಮಾರಸ್ವಾಮಿಯ ಕಥೆಯಲ್ಲಿ ಬರುವ ವಾಯುಭೂತಿಯೆಂಬ ಪಾತ್ರವನ್ನು ಎದುರಿಗಿಟ್ಟುಕೊಂಡು ಈ ಅಭಿಪ್ರಾಯವನ್ನು ಮರುಪರಿಶೀಲಿಸಬೇಕಾಗಿದೆ. ದೋಷಿಯಾದ ಮನುಷ್ಯನೊಬ್ಬ ಬದಲಾಗುವುದು ಹೇಗೆ, ಆ ಬದಲಾವಣೆಯಲ್ಲಿ ಅವನದೆಷ್ಟು, ಇತರರು ಕೊಟ್ಟದ್ದೆಷ್ಟು ಎಂಬ ಪ್ರಶ್ನೆಗೆ ಕನ್ನಡ ಕಥನಪರಂಪರೆ ಕೊಟ್ಟ ಅತ್ಯಂತ ಹಳೆಯ ಉತ್ತರಗಳಲ್ಲೊಂದು ಅಲ್ಲಿದೆ.

ಈ ಕಥೆಗಳನ್ನು ಯಾರಿಗಾಗಿ ಹೇಳಲಾಯಿತು ಎಂಬುದನ್ನು ಮೊದಲು ನೋಡಬೇಕು. ವಡ್ಡಾರಾಧನೆಯ ಮೂಲಾಧಾರ ಶಿವಾರ್ಯನ ಭಗವತೀ ಆರಾಧನೆ ಎಂಬ ಶೌರಸೇನೀ ಪ್ರಾಕೃತ ಗ್ರಂಥ. ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳುಳ್ಳ ಆ ಗ್ರಂಥವು ಸಲ್ಲೇಖನ ವ್ರತವನ್ನು ಕೈಕೊಂಡ ಮುನಿಯ ಕೊನೆಯ ದಿನಗಳ ಶಾಸ್ತ್ರ. ವ್ರತಸ್ಥನಾದ ಮುನಿಗೆ ಕ್ಷಪಕನೆಂದೂ, ಅವನನ್ನು ದಡ ಮುಟ್ಟಿಸುವ ಹೊಣೆ ಹೊತ್ತವರಿಗೆ ನಿರ್ಯಾಪಕರೆಂದೂ ಹೆಸರು. ಉತ್ತಮ ಪಕ್ಷದಲ್ಲಿ ನಿರ್ಯಾಪಕರು ನಲವತ್ತೆಂಟು ಮಂದಿ. ಕಾಲ ಕೆಟ್ಟಾಗ ಇಬ್ಬರಾದರೂ ಇರಬೇಕು. ಕ್ಷಪಕನನ್ನು ಮಗ್ಗುಲು ಬದಲಿಸುವವರು, ಬಾಗಿಲು ಕಾಯುವವರು, ಬಂದವರನ್ನು ಸಂತೈಸುವವರು, ಧರ್ಮಕಥೆ ಹೇಳುವವರು ಎಂದು ಇವರೊಳಗೆ ಕೆಲಸದ ಹಂಚಿಕೆಯಿದೆ. ಯಾವ ಬಗೆಯ ಕಥೆ ಹೇಳಬಹುದು, ಯಾವುದು ಸಲ್ಲದು ಎಂಬ ವಿಚಾರವೂ ಅಲ್ಲಿದೆ. ಪರಮತವನ್ನು ಎತ್ತಿ ಖಂಡಿಸುವ ವಿಕ್ಷೇಪಣೀ ಕಥೆಯನ್ನು ಕ್ಷಪಕನಿಗೆ ಹೇಳಬಾರದು. ವಾದದ ಪೂರ್ವಪಕ್ಷ ಕೇಳುತ್ತಿರುವಾಗಲೇ ಅವನ ಪ್ರಾಣ ಹೋದರೆ ಗತಿಯೇನು ಎಂಬುದು ಅದಕ್ಕೆ ಕಾರಣ. ಕಥೆಯ ಕೇಳುಗನು ಕಥೆ ಮುಗಿಯುವವರೆಗೆ ಬದುಕಿರಲಾರನೆಂಬ ಎಚ್ಚರವನ್ನಿಟ್ಟುಕೊಂಡು ರೂಪಿಸಿದ ಕಥನಶಾಸ್ತ್ರ ಬೇರೆಲ್ಲಿಯಾದರೂ ಇದೆಯೋ ಇಲ್ಲವೋ.

ಹಸಿವು, ಬಾಯಾರಿಕೆ, ನೋವುಗಳಿಂದ ಕ್ಷಪಕನ ಮನಸ್ಸು ಕುಸಿಯತೊಡಗಿದಾಗ ಅವನಿಗೆ ತೊಡಿಸುವ ರಕ್ಷೆಯೇ 'ಕವಚ'. ಭಗವತೀ ಆರಾಧನೆಯ ಕವಚಾಧಿಕಾರದಲ್ಲಿ, ಘೋರವಾದ ಉಪಸರ್ಗಗಳನ್ನು ತಾಳಿ ಉತ್ತಮಾರ್ಥವನ್ನು ಪಡೆದವರ ಹೆಸರುಗಳು ಗಾಹೆಗಳಲ್ಲಿ ಸಾಲಾಗಿ ಬರುತ್ತವೆ. ಗಾಹೆಗಳಲ್ಲಿರುವುದು ಸೂಚನೆಯಷ್ಟೆ. ಅವಂತಿಯ ಸುಕುಮಾರನನ್ನು ಮೂರು ರಾತ್ರಿಗಳ ಕಾಲ ಹೆಣ್ಣುನರಿ ತಿಂದಿತು, ಆದರೂ ಅವನು ಧ್ಯಾನದಿಂದ ಆರಾಧನೆಯನ್ನು ಸಾಧಿಸಿದನು ಎಂಬಷ್ಟನ್ನೇ ಅಲ್ಲಿನ ಗಾಹೆ ಹೇಳುತ್ತದೆ. ಕನ್ನಡದ ಕರ್ತೃ ಗಾಹೆಯನ್ನು ಮೊದಲಿಗಿಟ್ಟು, ಅರ್ಥ ಬಿಡಿಸಿ, ಅದರ ಹಿಂದಿನ ಕಥೆಯನ್ನು ಜನ್ಮಜನ್ಮಾಂತರಗಳಿಗೆ ಚಾಚಿ ಹೇಳುತ್ತಾನೆ. ಹರಿಷೇಣನು 931-32ರಲ್ಲಿ ರಚಿಸಿದ ಸಂಸ್ಕೃತದ ಬೃಹತ್ಕಥಾಕೋಶವೂ ಇದೇ ಆರಾಧನಾ ಸಂಪ್ರದಾಯಕ್ಕೆ ಸೇರಿದ್ದು, ಆ.ನೇ. ಉಪಾಧ್ಯೆಯವರು 1943ರಲ್ಲಿ ಅದನ್ನು ಸಂಪಾದಿಸಿ ಬರೆದ ಪೀಠಿಕೆಯು ಈ ಕಥಾಚಕ್ರದ ವಿಸ್ತಾರವನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಇಲ್ಲಿ ಒಂದು ಸಂದೇಹ ಏಳುತ್ತದೆ. ನೋವನ್ನು ತಾಳಿಕೊಂಡ ಧೀರರ ಉದಾಹರಣೆ ಸಾವಿನ ಹಾಸಿನಲ್ಲಿರುವ ಮುನಿಗೆ ಬೇಕು, ಸರಿ. ಆದರೆ ಆ ಧೀರನು ಹಿಂದೊಮ್ಮೆ ಕೃತಘ್ನನಾಗಿದ್ದ, ಅತ್ತಿಗೆಯನ್ನು ಒದ್ದಿದ್ದ, ಕತ್ತೆಯಾಗಿ ಹಂದಿಯಾಗಿ ಹುಟ್ಟಿದ್ದ ಎಂಬ ವಿವರ ಯಾಕೆ ಬೇಕು? ಗಾಹೆಯ ಆವಶ್ಯಕತೆಗೆ ಅದು ಹೊರತಾದದ್ದು. ಆದರೂ ಕಥೆಯ ಬಹುಭಾಗವನ್ನು ಆಕ್ರಮಿಸಿರುವುದು ಈ ದೋಷಚರಿತ್ರೆಯೇ.

ವತ್ಸದೇಶದ ಕೌಶಾಂಬಿಯಲ್ಲಿ ಅತಿಬಲನೆಂಬ ಅರಸನ ಪುರೋಹಿತ ಸೋಮಶರ್ಮ. ಅವನ ಮಕ್ಕಳು ಅಗ್ನಿಭೂತಿ ಮತ್ತು ವಾಯುಭೂತಿ. ತಂದೆ ಬದುಕಿರುವಾಗ ಇಬ್ಬರೂ ಓದಲಿಲ್ಲ. ತಂದೆ ಸತ್ತ ಮೇಲೆ ವಿಜಯಜಿಹ್ವನೆಂಬ ವಿದ್ವಾಂಸ ಬಂದು ವಾದಕ್ಕೆ ಕರೆದಾಗ ಸೋದರರು ಬಾಯಿ ಬಿಡಲಾರದೆ ನಿಂತರು. ತಂದೆಯ ಪದವಿ ಅನ್ಯರ ಪಾಲಾಯಿತು. ತಾಯಿ ಕಾಶ್ಯಪಿ ಮಕ್ಕಳನ್ನು ರಾಜಗೃಹದಲ್ಲಿದ್ದ ತನ್ನ ತಮ್ಮ ಸೂರ್ಯಮಿತ್ರನ ಬಳಿಗೆ ಓದಲು ಕಳುಹಿಸಿದಳು. ಸೋದರಮಾವನೆಂದು ಗೊತ್ತಾದರೆ ಸಲಿಗೆ ಬೆಳೆದು ಹುಡುಗರು ಮತ್ತೆ ಕೆಡುವರೆಂದು ಎಣಿಸಿದ ಸೂರ್ಯಮಿತ್ರ, ತನಗೆ ಅಕ್ಕನೂ ಇಲ್ಲ ಅಳಿಯಂದಿರೂ ಇಲ್ಲವೆಂದು ಹೇಳಿ, ಬೇಕಾದರೆ ಭಿಕ್ಷೆ ಬೇಡಿ ಉಂಡು ಓದಿರೆಂದ. ಹಲವು ವರ್ಷ ಅವರು ಹಾಗೆಯೇ ಓದಿ ವಿದ್ಯೆಯಲ್ಲಿ ಪರಿಣತರಾದರು. ಊರಿಗೆ ಹೊರಟು ನಿಂತಾಗ ಗುರುವು ನಿಜವನ್ನು ತಿಳಿಸಿ, ವಸ್ತ್ರಾಭರಣಗಳನ್ನಿತ್ತು ಬೀಳ್ಕೊಟ್ಟ. ಅಗ್ನಿಭೂತಿಗೆ ಮಾವನ ಉಪಕಾರ ಅರ್ಥವಾಯಿತು. ಮಾವನ ಮನೆಯ ಅನ್ನವಿದ್ದೂ ಪರರ ಬಾಗಿಲಲ್ಲಿ ತಿರಿದುಣ್ಣಿಸಿದನೆಂಬ ಕಹಿ ಮಾತ್ರ ವಾಯುಭೂತಿಯಲ್ಲಿ ಉಳಿಯಿತು.

ಈ ಕಹಿಯನ್ನು ಕೃತಘ್ನತೆಯೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಕಥೆ ವಾಯುಭೂತಿಯ ಸಿಟ್ಟಿಗೆ ಕಾರಣವನ್ನು ಕೊಟ್ಟಿದೆ ಎಂಬುದನ್ನು ಮರೆಯಲಾಗದು. ತಂದೆಯಿಲ್ಲದ ಹುಡುಗ ವರ್ಷಗಟ್ಟಲೆ ಬೀದಿಯಲ್ಲಿ ಕೈಯೊಡ್ಡಿದ್ದಾನೆ. ಅದು ಬೇಕಿರಲಿಲ್ಲವೆಂದು ಕೊನೆಯ ದಿನ ತಿಳಿಯುತ್ತದೆ. ಒಂದೇ ಉಪಕಾರವು ಅಣ್ಣನಿಗೆ ಋಣವಾಗಿಯೂ ತಮ್ಮನಿಗೆ ಅವಮಾನವಾಗಿಯೂ ಕಾಣುವುದನ್ನು ಕರ್ತೃ ಯಾವ ವ್ಯಾಖ್ಯಾನವೂ ಇಲ್ಲದೆ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತಾನೆ. ವಾಯುಭೂತಿಯು ದುಷ್ಟನಾಗಿ ಹುಟ್ಟಿದವನಲ್ಲ. ನೊಂದು, ನೋವನ್ನು ಬಿಡಲಾರದೆ ಕೆಟ್ಟವನು.

ಗುರುವಿನ ಪರಿವರ್ತನೆಯೂ ನಿಷ್ಕಳಂಕವಾದದ್ದಲ್ಲ. ಅರಸನು ಕೊಟ್ಟ ಉಂಗುರವನ್ನು ಸೂರ್ಯಮಿತ್ರ ಸಂಧ್ಯಾವಂದನೆಯ ಹೊತ್ತಿನಲ್ಲಿ ಕಳೆದುಕೊಳ್ಳುತ್ತಾನೆ. ಅರ್ಘ್ಯ ಬಿಡುವಾಗ ಅದು ತಾವರೆಯೊಳಗೆ ಜಾರಿಬಿದ್ದಿದೆಯೆಂದು ಸುಧರ್ಮನೆಂಬ ಜೈನಮುನಿ ತಿಳಿಸುತ್ತಾನೆ. ಕಾಣದ್ದನ್ನು ಹೇಳುವ ಈ ವಿದ್ಯೆ ತನಗೂ ಬೇಕೆಂಬ ಆಸೆ ಸೂರ್ಯಮಿತ್ರನಿಗೆ ಹುಟ್ಟುತ್ತದೆ. ದೀಕ್ಷೆ ಕೊಳ್ಳದೆ ಅದು ಬಾರದೆಂದಾಗ, ಕಲಿತು ಮನೆಗೆ ಹಿಂತಿರುಗುವ ಲೆಕ್ಕಾಚಾರದಿಂದಲೇ ಅವನು ದೀಕ್ಷೆ ಕೊಳ್ಳುತ್ತಾನೆ. ಕಲಿಯುತ್ತ ಹೋದಂತೆ ಹಿಂತಿರುಗುವ ಆಸೆಯೇ ಕಳಚಿಹೋಗುತ್ತದೆ. ಕಪಟದಿಂದ ತೊಟ್ಟ ವೇಷ ಮೈಗಂಟಿ ನಿಜವಾಗುವ ಈ ಪ್ರಸಂಗವನ್ನು ಕರ್ತೃ ಮುಚ್ಚಿಡುವುದಿಲ್ಲ. ಮುಂದೆ ವಾಯುಭೂತಿಯ ಉದ್ಧಾರಕ್ಕೆ ಕಾರಣನಾಗುವವನು ತಾನೇ ಲೋಭದ ಬಾಗಿಲಿಂದ ಧರ್ಮಕ್ಕೆ ಬಂದವನು.

ಕೌಶಾಂಬಿಗೆ ಚರಿಗೆಗೆ ಬಂದ ಸೂರ್ಯಮಿತ್ರಮುನಿಯನ್ನು ಅಗ್ನಿಭೂತಿ ಭಕ್ತಿಯಿಂದ ಇದಿರ್ಗೊಂಡು ಆಹಾರವಿತ್ತ. ವಂದಿಸೆಂದು ತಮ್ಮನನ್ನು ಕರೆದಾಗ ಅವನು ಮುನಿಯನ್ನು ಬಾಯಿಗೆ ಬಂದಂತೆ ಬಯ್ದ. ಈ ಪಾಪಕ್ಕೆ ತಾನೇ ನಿಮಿತ್ತನಾದೆನೆಂದು ನೊಂದ ಅಗ್ನಿಭೂತಿ ದೀಕ್ಷೆ ಕೊಂಡ. ಅವನ ಹೆಂಡತಿ ಸೋಮದತ್ತೆ ಮೈದುನನ ಬಳಿ ಬಂದು, ನಿನ್ನ ಮಾತಿನಿಂದ ನನ್ನ ಗಂಡ ಮನೆ ಬಿಟ್ಟ, ಹೋಗಿ ಕರೆತರೋಣ ಬಾ ಎಂದು ಬೇಡಿಕೊಂಡಳು. ವಾಯುಭೂತಿ ಅವಳನ್ನು ಕಾಲಿನಿಂದ ಒದ್ದ. ಆ ನೋವಿನಲ್ಲಿ ಅವಳು ಒಂದು ನಿದಾನವನ್ನು ಕಟ್ಟಿಕೊಂಡಳು: ಯಾವುದಾದರೊಂದು ಜನ್ಮದಲ್ಲಿ ಈ ಕಾಲನ್ನೇ ಮಕ್ಕಳೊಡನೆ ತಿನ್ನುವೆನು.

ವಾಯುಭೂತಿಗೆ ಕುಷ್ಠ ಹತ್ತಿ ಸಾವು ಬಂತು. ಮುಂದೆ ಕತ್ತೆಯಾಗಿ, ಹಂದಿಯಾಗಿ, ನಾಯಿಯಾಗಿ ಹುಟ್ಟಿ, ಚಂಪಾಪುರದಲ್ಲಿ ಚಂಡಾಲರ ಮನೆಯ ಕುರುಡಿ ಮಗಳಾಗಿ, ದುರ್ಗಂಧದ ಮೈಯವಳಾಗಿ ಹುಟ್ಟಿದ. ಈ ಭವಾವಳಿಯನ್ನೇ ಯಾಂತ್ರಿಕವೆಂದು ಆಕ್ಷೇಪಿಸುವುದು. ಹುಟ್ಟಿನ ಏಣಿಯಲ್ಲಿ ನಾಯಿಯ ಮೇಲಿನ ಮೆಟ್ಟಿಲಾಗಿ ಚಂಡಾಲ ಸ್ತ್ರೀಯನ್ನು ಇಟ್ಟಿರುವುದರಲ್ಲಿ ಕಾಲದ ಪೂರ್ವಗ್ರಹವೂ ಢಾಳಾಗಿದೆ. ಅದನ್ನು ಕಾಣದಂತೆ ಓದುವುದು ಪ್ರಾಮಾಣಿಕವಲ್ಲ. ಆದರೆ ಕಥೆ ತಿರುಗುವುದು ಇದೇ ತಾಣದಲ್ಲಿ ಎಂಬುದೂ ಅಷ್ಟೇ ಮುಖ್ಯ. ಚರಿಗೆಗೆ ಹೊರಟ ಅಗ್ನಿಭೂತಿಮುನಿ ಆ ಹುಡುಗಿಯನ್ನು ಕಾಣುತ್ತಾನೆ. ಗುರುತು ಹಿಡಿಯಲು ಏನೂ ಉಳಿದಿಲ್ಲ. ಆದರೂ ಅವನಲ್ಲಿ ಕಾರಣವರಿಯದ ಒಂದು ದುಃಖ ಹುಟ್ಟುತ್ತದೆ. ಗುರುವನ್ನು ಕೇಳಿದಾಗ, ಅವಳು ನಿನ್ನ ತಮ್ಮ, ಆಯುಷ್ಯ ತೀರುತ್ತ ಬಂದಿದೆ, ಭವ್ಯಜೀವ ಎಂಬ ಉತ್ತರ ಬರುತ್ತದೆ. ಅಗ್ನಿಭೂತಿ ಮರಳಿ ಹೋಗಿ ಅವಳಿಗೆ ಅಣುವ್ರತಗಳನ್ನು ಕೊಡುತ್ತಾನೆ.

ಗಮನಿಸಬೇಕಾದದ್ದೆಂದರೆ, ಈ ತನಕ ವಾಯುಭೂತಿಯ ಪಶ್ಚಾತ್ತಾಪದ ಮಾತು ಎಲ್ಲಿಯೂ ಬಂದಿಲ್ಲ. ಅವನು ಅತ್ತಿಲ್ಲ, ಕ್ಷಮೆ ಕೇಳಿಲ್ಲ, ತಾನು ಯಾರೆಂಬುದೇ ಅವನಿಗೆ ಗೊತ್ತಿಲ್ಲ. ಹುಡುಕಿಕೊಂಡು ಬಂದವನು ಅಣ್ಣ. ಕರ್ಮವೊಂದೇ ಕಥೆಯನ್ನು ನಡೆಸುವುದಾಗಿದ್ದರೆ ಅಗ್ನಿಭೂತಿಗೆ ದುಃಖವಾಗಬೇಕಾದ ಆವಶ್ಯಕತೆ ಇರಲಿಲ್ಲ.

ಸಾಯುವ ಗಳಿಗೆಯಲ್ಲಿ ಕೂಡ ಆ ಜೀವದ ದೋಷ ಪೂರ್ಣ ಅಳಿಯಲಿಲ್ಲ. ನಾಗಪೂಜೆಗೆ ಹೊರಟ ಬ್ರಾಹ್ಮಣ ಸ್ತ್ರೀಯ ಮೆರವಣಿಗೆಯ ವಾದ್ಯಘೋಷ ಕಿವಿಗೆ ಬಿದ್ದು, ಅವಳ ಮಗಳಾಗಿ ಹುಟ್ಟಬೇಕೆಂಬ ಆಸೆ ಅಂಕುರಿಸಿತು. ಹಾಗೆ ನಾಗಶರ್ಮನ ಮಗಳು ನಾಗಶ್ರೀಯಾಗಿ ಹುಟ್ಟಿದ್ದಾಯಿತು. ನಾಗರಪೂಜೆಗೆ ಹೋದ ಬಾಲೆ ಅಲ್ಲಿದ್ದ ಸೂರ್ಯಮಿತ್ರ, ಅಗ್ನಿಭೂತಿ ಮುನಿಗಳಿಗೆ ವಂದಿಸಿ ಐದು ಅಣುವ್ರತಗಳನ್ನು ಪಡೆದಳು. ತಂದೆ ಬಿಟ್ಟುಬಿಡೆಂದರೆ ವ್ರತಗಳನ್ನು ತಂದು ತನಗೇ ಒಪ್ಪಿಸಬೇಕೆಂದು ಮುನಿ ಹೇಳಿಕಳುಹಿಸಿದ್ದ. ಸಿಟ್ಟಾದ ನಾಗಶರ್ಮ ಮಗಳ ಕೈಹಿಡಿದು ವ್ರತ ಹಿಂತಿರುಗಿಸಲು ಹೊರಟ. ದಾರಿಯಲ್ಲಿ ಕೊಲೆ, ಸುಳ್ಳು, ಕಳವು ಮೊದಲಾದ ಅಪರಾಧಗಳಿಗೆ ಶಿಕ್ಷೆಗೊಳಗಾದವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಪ್ರತಿಯೊಬ್ಬನನ್ನು ಕಂಡಾಗಲೂ ಹುಡುಗಿ ಕಾರಣ ಕೇಳಿ, ಇದನ್ನು ಮಾಡಬಾರದೆಂದಲ್ಲವೆ ನಾನು ಕೊಂಡ ವ್ರತ ಎನ್ನುತ್ತಾಳೆ. ತಂದೆ ಅದೊಂದು ಇರಲಿ ಎನ್ನುತ್ತಾನೆ. ಮುನಿಯ ಬಳಿಗೆ ಬರುವಷ್ಟರಲ್ಲಿ ಹಿಂತಿರುಗಿಸಲು ಒಂದು ವ್ರತವೂ ಉಳಿದಿರುವುದಿಲ್ಲ. ಕನ್ನಡ ಗದ್ಯದ ಹಾಸ್ಯಪ್ರಜ್ಞೆಗೆ ಇಷ್ಟು ಹಳೆಯ ನಿದರ್ಶನ ಸಿಗುವುದು ವಿರಳ.

ಮುಂದಿನ ದೃಶ್ಯವೇ ಕಥೆಯ ಕೇಂದ್ರ. ಇವಳು ನನ್ನ ಮಗಳು ಎಂದು ಸೂರ್ಯಮಿತ್ರಮುನಿ ಹೇಳುತ್ತಾನೆ. ನಾಗಶರ್ಮ ಅರಸನಲ್ಲಿಗೆ ದೂರು ಒಯ್ಯುತ್ತಾನೆ. ಸಭೆ ಕೂಡಿದಾಗ ಮುನಿ ಹುಡುಗಿಯನ್ನು ವಾಯುಭೂತಿಯೆಂದೇ ಕರೆದು, ರಾಜಗೃಹದಲ್ಲಿ ನನ್ನ ಬಳಿ ಓದಿದ್ದನ್ನು ಹೇಳೆಂದಾಗ, ಯಾರಲ್ಲಿಯೂ ಓದದ ಆ ಬಾಲೆ ವೇದಶಾಸ್ತ್ರಗಳನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ.

ಭಿಕ್ಷೆ ಬೇಡಿ ಉಂಡು ಕಲಿತ ವಿದ್ಯೆ ಅದು. ಯಾವ ಕಲಿಕೆಯನ್ನು ವಾಯುಭೂತಿ ಅವಮಾನವೆಂದು ತಿಳಿದು ದ್ವೇಷಿಸಿದನೋ ಅದೇ ಕತ್ತೆಯ, ಹಂದಿಯ, ನಾಯಿಯ, ಕುರುಡಿಯ ಜನ್ಮಗಳನ್ನು ದಾಟಿ ಕೆಡದೆ ಉಳಿದಿದೆ. ಪಾಪದ ಬೀಜ ಜನ್ಮಾಂತರದಲ್ಲಿ ಹಿಂಬಾಲಿಸುವುದನ್ನು ಎಲ್ಲ ಭವಾವಳಿಗಳೂ ಹೇಳುತ್ತವೆ. ಗುರು ಕೊಟ್ಟದ್ದೂ, ಪಡೆದವನಿಗೆ ಬೇಡವಾಗಿದ್ದರೂ, ಹಾಗೆಯೇ ಹಿಂಬಾಲಿಸುವುದೆಂದು ಈ ದೃಶ್ಯ ತೋರಿಸುತ್ತದೆ. ನಾಗಶ್ರೀ ದೀಕ್ಷೆ ಕೊಳ್ಳುವುದು ಇದಾದ ಮೇಲೆ.

ಜೈನದರ್ಶನದಲ್ಲಿ ವರವೀಯುವ ಈಶ್ವರನಿಲ್ಲ. ಆದ್ದರಿಂದ ಅನುಗ್ರಹವೆಂಬ ಪದವನ್ನು ಇಲ್ಲಿ ಬಳಸುವುದು ಸಾಧುವೇ ಎಂಬ ಪ್ರಶ್ನೆ ಸಹಜ. ತತ್ತ್ವಾರ್ಥಸೂತ್ರವು ಸಮ್ಯಗ್ದರ್ಶನ ಹುಟ್ಟುವ ಬಗೆ ಎರಡೆಂದು ಹೇಳುತ್ತದೆ: ತನ್ನಿಂದ ತಾನೇ ಆಗುವ ನಿಸರ್ಗ, ಪರೋಪದೇಶದಿಂದ ಆಗುವ ಅಧಿಗಮ. ಹತ್ತನೆಯ ಶತಮಾನದಲ್ಲೇ ಇದ್ದ, ಚಾವುಂಡರಾಯನಿಗೆ ಗುರುವಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ತನ್ನ ಲಬ್ಧಿಸಾರದಲ್ಲಿ ವಿವರಿಸುವ ಐದು ಲಬ್ಧಿಗಳಲ್ಲಿ ದೇಶನಾಲಬ್ಧಿ ಒಂದು. ಉಪದೇಶಿಸುವವನೊಬ್ಬ ದೊರೆಯುವುದು, ಉಪದೇಶವು ಮನಸ್ಸಿಗೆ ಇಳಿಯುವುದು ಎಂದು ಅದರರ್ಥ. ಜೀವವು ತನ್ನ ಪ್ರಯತ್ನದಿಂದಲೇ ಕರ್ಮವನ್ನು ಕಳೆದುಕೊಳ್ಳಬೇಕು. ಆದರೆ ಆ ಪ್ರಯತ್ನಕ್ಕೆ ತೊಡಗಿಸುವ ಮಾತು ಹೊರಗಿನಿಂದ ಬರಬೇಕಾಗಬಹುದು. ಲಬ್ಧಿಯೆಂಬ ಪದದಲ್ಲೇ 'ದೊರಕಿದ್ದು' ಎಂಬ ಭಾವವಿದೆ. ಶಾಸ್ತ್ರ ಒಂದು ಪದದಲ್ಲಿ ಹೇಳಿದ್ದನ್ನು ಕಥೆ ಇಬ್ಬರು ಮನುಷ್ಯರ ದೀರ್ಘವಾದ ತಾಳ್ಮೆಯಾಗಿ ಹರಡಿ ತೋರಿಸಿದೆ. ಬಯ್ಸಿಕೊಂಡ ಗುರು ಮತ್ತು ಮನೆ ತೊರೆದ ಅಣ್ಣ, ಒಂದು ಜನ್ಮದಲ್ಲಿ ಕೈಬಿಟ್ಟು ಹೋದವನನ್ನು ಹಲವು ಜನ್ಮಗಳಾಚೆ ಕಾಯುತ್ತಾರೆ. ಅನುಗ್ರಹವೆಂಬುದಕ್ಕೆ ವಡ್ಡಾರಾಧನೆಯಲ್ಲಿ ಅರ್ಥವಿರುವುದಾದರೆ ಅದು ಇಷ್ಟೇ, ಮತ್ತು ಇದು ಕಡಿಮೆಯದಲ್ಲ.

ಆದರೆ ಈ ಅನುಗ್ರಹ ಸಾಲವನ್ನು ಮನ್ನಾ ಮಾಡುವುದಿಲ್ಲ. ನಾಗಶ್ರೀಯ ಜೀವ ಸ್ವರ್ಗಸುಖವನ್ನುಂಡು ಉಜ್ಜಯಿನಿಯ ಶ್ರೇಷ್ಠಿಯ ಮನೆಯಲ್ಲಿ ಯಶೋಭದ್ರೆಯ ಮಗನಾಗಿ ಹುಟ್ಟುತ್ತದೆ. ಮುನಿದರ್ಶನವಾದರೆ ಮಗ ತಪಸ್ಸಿಗೆ ಹೋಗುವನೆಂಬ ಭವಿಷ್ಯ ಕೇಳಿದ ತಾಯಿ, ಮುನಿಗಳು ಸುಳಿಯದ ಪ್ರಾಸಾದದಲ್ಲಿ ಅವನನ್ನು ಬೆಳೆಸುತ್ತಾಳೆ. ಅರಸನೇ ಕೊಳ್ಳಲಾರದ ರತ್ನಕಂಬಳಿಯನ್ನು ಕೊಂಡು ಸೊಸೆಯರ ಪಾದರಕ್ಷೆಗೆ ಹಾಕಿದ್ದು, ಆರತಿಯ ಬೆಳಕಿಗೆ ಸುಕುಮಾರನ ಕಣ್ಣಲ್ಲಿ ನೀರು ಬಂದದ್ದು, ಸಾಸಿವೆಯ ಕಾಳು ಅವನಿಗೆ ಒತ್ತಿದ್ದು ಎಲ್ಲರೂ ಬಲ್ಲ ಪ್ರಸಂಗಗಳು. ಅತಿಶಯೋಕ್ತಿಯೆಂದು ಇವನ್ನು ಮೆಚ್ಚುವುದೂ ಟೀಕಿಸುವುದೂ ಉಂಟು. ಕಥೆಯ ಹಂದರದಲ್ಲಿ ಈ ಮೃದುತ್ವದ ಕೆಲಸ ಬೇರೆ. ಅತ್ತಿಗೆಯನ್ನು ಒದ್ದ ಗಡುಸಾದ ಕಾಲು ಈಗ ನೆಲವನ್ನೇ ಮೆಟ್ಟದ ಕಾಲಾಗಿದೆ. ಇರುಳಿನಲ್ಲಿ ಮುನಿಯೊಬ್ಬನ ಪಠಣ ಕಿವಿಗೆ ಬಿದ್ದು ಜಾತಿಸ್ಮರಣೆಯಾಗಿ, ತನಗುಳಿದ ಆಯುಷ್ಯ ಮೂರೇ ದಿನವೆಂದು ತಿಳಿದ ಸುಕುಮಾರ ಬಟ್ಟೆಗಳನ್ನು ಗಂಟುಹಾಕಿ ಇಳಿದು, ದೀಕ್ಷೆ ಕೊಂಡು ಕಾಡಿಗೆ ನಡೆಯುತ್ತಾನೆ. ಕಲ್ಲುಮುಳ್ಳು ತಾಗಿ ಒಸರಿದ ನೆತ್ತರಿನ ಜಾಡು ಹಿಡಿದು ಹೆಣ್ಣುನರಿ ಮರಿಗಳೊಡನೆ ಬರುತ್ತದೆ. ಅದು ಸೋಮದತ್ತೆ. ಕಾಲಿನಿಂದಲೇ ತಿನ್ನಲು ತೊಡಗುತ್ತದೆ. ಮೂರು ರಾತ್ರಿ ಸುಕುಮಾರ ಅಲುಗುವುದಿಲ್ಲ.

ಗಾಹೆಯಲ್ಲಿದ್ದ ಬರಿಯ ನರಿ ಇಲ್ಲಿ ಮುಖವುಳ್ಳವಳಾದಳು. ಕ್ಷಪಕನಿಗೆ ದೋಷಚರಿತ್ರೆ ಯಾಕೆ ಬೇಕಿತ್ತೆಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕಾರಣವಿಲ್ಲದ ನೋವನ್ನು ತಾಳುವುದು ಬಲು ಕಠಿಣ. ಇದು ತಾನೇ ಎಂದೋ ಮಾಡಿದ ಸಾಲ, ಕೇಳಲು ಬಂದವಳಿಗೆ ಕೇಳುವ ಹಕ್ಕಿದೆ ಎಂದು ತಿಳಿದಾಗ ನೋವು ಶತ್ರುವಾಗಿ ಉಳಿಯುವುದಿಲ್ಲ. ಸಾಯುತ್ತಿರುವ ಮುನಿಗೆ ಸಂತನ ಚರಿತ್ರೆಗಿಂತ ತಪ್ಪಿತಸ್ಥನ ಚರಿತ್ರೆಯೇ ಹೆಚ್ಚು ಗಟ್ಟಿಯಾದ ಕವಚ.

ಚಿಲಾತಪುತ್ರನ ಕಥೆಯಲ್ಲಿ ಈ ತರ್ಕ ಇನ್ನೂ ಬಿಗಿಯಾಗಿದೆ. ರಾಜ್ಯ ಕಳೆದುಕೊಂಡು ಕಾಡು ಸೇರಿದ ಅವನು ಹೆಣ್ಣೊಬ್ಬಳನ್ನು ಹೊತ್ತೊಯ್ದು, ಬೆನ್ನಟ್ಟಿದವರಿಗೆ ಸಿಕ್ಕಿಬೀಳುವಂತಾದಾಗ ಅವಳನ್ನು ಕೊಂದವನು. ಓಡುವ ದಾರಿಯಲ್ಲಿ ಮುನಿ ಸಿಗುತ್ತಾನೆ. ಆಯುಷ್ಯ ಸ್ವಲ್ಪವೇ ಇದೆಯೆಂದು ತಿಳಿಯುತ್ತದೆ. ಅಲ್ಲಿಯೇ ವ್ರತ ಕೊಳ್ಳುತ್ತಾನೆ. ಇರುವೆಗಳು ಅವನ ಮೈಯನ್ನು ಜರಡಿಯಂತೆ ಮಾಡಿದವೆಂದು ಗಾಹೆ ಹೇಳಿದರೆ, ಕೊಲೆಯಾದ ಹೆಣ್ಣು ವ್ಯಂತರಿಯಾಗಿ ಬಂದು ಕಾಡಿದಳೆಂದು ಕಥಾಸಂಪ್ರದಾಯ ಸೇರಿಸುತ್ತದೆ. ಮುನಿಯ ಮಾತು ಕೊಲೆಗಾರನನ್ನು ಬದಲಿಸಿತು, ಕೊಲೆಯನ್ನು ಇಲ್ಲವಾಗಿಸಲಿಲ್ಲ.

ಹೀಗಿದ್ದೂ ಈ ಕಥೆಗಳ ನ್ಯಾಯ ಪೂರ್ಣವಾದದ್ದೆನ್ನಲಾಗದು. ಸೋಮದತ್ತೆ ಮಾಡಿದ ತಪ್ಪೇನು? ಗಂಡನನ್ನು ಕಳೆದುಕೊಂಡಳು, ನೆರವು ಕೇಳಿದಳು, ಒದೆಸಿಕೊಂಡಳು. ಆ ಕ್ಷಣದ ಕ್ರೋಧವನ್ನು ಬಿಡಲಾರದ್ದಕ್ಕೆ ನರಿಯಾದಳು. ವಾಯುಭೂತಿಯೂ ಕ್ರೋಧವನ್ನು ಬಿಡಲಾರದವನೇ. ಅವನನ್ನು ಅರಸಿ ಇಬ್ಬರು ಬಂದರು; ಅವಳನ್ನು ಅರಸಿ ಯಾರೂ ಬರಲಿಲ್ಲ. ತಮ್ಮನ ಕುರುಡು ರೂಪವನ್ನು ಕಂಡು ಮರುಗಿದ ಅಗ್ನಿಭೂತಿಗೆ ತಾನು ಬಿಟ್ಟುಬಂದ ಹೆಂಡತಿಯ ಬಗ್ಗೆ ಅಂಥ ದುಃಖ ಹುಟ್ಟಿತೆಂದು ಕಥೆ ಹೇಳುವುದಿಲ್ಲ. ಈ ಲೋಪ ಸಂಪ್ರದಾಯದವರಿಗೇ ತಟ್ಟಿರಬೇಕೆಂದು ಊಹಿಸಲು ಆಧಾರವಿದೆ. ಸುಕೌಶಲನ ಕಥೆಯಲ್ಲಿ ತಾಯಿಯೇ ಹುಲಿಯಾಗಿ ಹುಟ್ಟಿ ಮಗನನ್ನು ತಿನ್ನುತ್ತಾಳೆ. ಆ ಕಥೆಯ ಕೆಲವು ಸಂಸ್ಕೃತ ನಿರೂಪಣೆಗಳಲ್ಲಿ ಹೆಣ್ಣುಹುಲಿಗೆ ಜಾತಿಸ್ಮರಣೆಯಾಗಿ, ಪಶ್ಚಾತ್ತಾಪದಿಂದ ಆಹಾರ ತೊರೆದು ಸದ್ಗತಿ ಪಡೆಯುವ ಅವಕಾಶ ಕಲ್ಪಿತವಾಗಿದೆ. ಸೋಮದತ್ತೆಗೆ ಅದು ದಕ್ಕಲಿಲ್ಲ. ಜನ್ನನ ಯಶೋಧರಚರಿತೆಗೆ (1209) ಬಂದರೂ ಈ ಪಕ್ಷಪಾತ ಕಡಿಮೆಯಾಗಿಲ್ಲ: ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಮಗ ಮತ್ತು ತಾಯಿ ಭವಗಳನ್ನು ಅಲೆದು ಕಡೆಗೆ ನೆಲೆ ಕಾಣುತ್ತಾರೆ, ಅವರ ಕಥೆ ಕೇಳಿ ನರಬಲಿಗೆ ಸಿದ್ಧನಾಗಿದ್ದ ಮಾರಿದತ್ತನೂ ಬದಲಾಗುತ್ತಾನೆ, ಅಮೃತಮತಿ ಮಾತ್ರ ನರಕಕ್ಕೆ ಇಳಿಯುತ್ತಾಳೆ.

ಈ ಕಥೆಗಳು ಹುಟ್ಟಿದ ಕಾಲದ ನಾಡಿನಲ್ಲಿ ಸಲ್ಲೇಖನವು ಗ್ರಂಥಸ್ಥ ಆದರ್ಶ ಮಾತ್ರವಾಗಿರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಏಳನೆಯ ಶತಮಾನದಿಂದಲೇ ಮುನಿಗಳ, ಅಜ್ಜಿಯರ ಸಮಾಧಿಮರಣದ ಶಾಸನಗಳಿವೆ. ಗಂಗ ಮಾರಸಿಂಹನ ಮರಣವನ್ನು ಹೇಳುವ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ಈ ಸಂದರ್ಭದಲ್ಲಿ ವಿಶೇಷವಾಗಿ ನೆನಪಾಗುತ್ತದೆ. ಶಾಸನದ ಬಹುಭಾಗ ಅವನ ಯುದ್ಧಗಳ ಪಟ್ಟಿ. ಗೆದ್ದ ಕೋಟೆಗಳು, ಮುರಿದ ಅರಸರು. ಕೊನೆಗೆ, ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ಅವನು ಸಮಾಧಿಯನ್ನು ಸಾಧಿಸಿದನೆಂಬ ಮಾತು ಬರುತ್ತದೆ. ಅದು 974ರ ಸುಮಾರಿನ ಸಂಗತಿ. ರಾಷ್ಟ್ರಕೂಟ ಮನೆತನದ ಕೊನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ಹೀಗೆ ಮಡಿದ. ಆ ಮೂರು ದಿನಗಳಲ್ಲಿ ಮಾರಸಿಂಹನ ಕಿವಿಗೆ ಯಾವ ಕಥೆ ಬಿತ್ತೆಂದು ಶಾಸನ ಹೇಳುವುದಿಲ್ಲ; ಸುಕುಮಾರನ ಮೂರು ರಾತ್ರಿಗಳಿಗೂ ಇದಕ್ಕೂ ನೇರ ಸಂಬಂಧ ಕಲ್ಪಿಸುವುದು ಅವಸರವಾದೀತು. ಆದರೆ ಕೈಗೆ ನೆತ್ತರಂಟಿದವರು ಕ್ಷಪಕರ ಹಾಸಿಗೆಗೆ ಬರುತ್ತಿದ್ದ ಸಮಾಜದಲ್ಲಿ ಚಿಲಾತಪುತ್ರನ, ವಾಯುಭೂತಿಯ ಕಥೆಗಳಿಗೆ ಕೇಳುಗರಿದ್ದರೆಂಬುದರಲ್ಲಿ ಸಂಶಯವಿಲ್ಲ.

ಮುಂದೆ ಶೈವ ಕಥನದಲ್ಲಿ ಅನುಗ್ರಹದ ಸ್ವರೂಪ ಬದಲಾಗುತ್ತದೆ. ಹರಿಹರನ ನಂಬಿಯಣ್ಣನ ರಗಳೆಯಲ್ಲಿ ತಪ್ಪಿತಸ್ಥ ಭಕ್ತನ ಪರವಾಗಿ ಮುನಿದ ಪರವೆಯ ಮನೆಗೆ ಶಿವನೇ ದೂತನಾಗಿ ನಡೆಯುತ್ತಾನೆ. ಆದರೂ ಸಂಕಲೆಗೆ ಕೊಟ್ಟ ಆಣೆಯನ್ನು ಮೀರಿದ ನಂಬಿ ಕಣ್ಣು ಕಳೆದುಕೊಳ್ಳುವುದು ತಪ್ಪುವುದಿಲ್ಲ. ಅಲ್ಲಿಯೂ ಹೆಣ್ಣಿಗೆ ಆದ ಅನ್ಯಾಯ ಗಂಡಿನ ಮೈಮೇಲೆ ಬರೆಯಲ್ಪಡುತ್ತದೆ; ಭೇದವೆಂದರೆ ಬೇಡಿದರೆ ಕಣ್ಣನ್ನು ಮರಳಿ ಕೊಡುವವನೊಬ್ಬ ಅಲ್ಲಿದ್ದಾನೆ.

ಸುಕುಮಾರನ ಕಥೆ ಮಾತ್ರ ಸಾವಿನ ಹಾಸಿನಿಂದ ಸಭೆಗೆ ಬೇಗನೆ ಸಾಗಿತು. ಬನವಾಸಿನಾಡನ್ನು ಆಳುತ್ತಿದ್ದ ಲಕ್ಷ್ಮಣನೃಪನ ಆಶ್ರಯದಲ್ಲಿ ಅಧಿಕಾರಿಯಾಗಿದ್ದ ಶಾಂತಿನಾಥನು ಅದನ್ನು 1068ರ ಸುಮಾರಿಗೆ ಸುಕುಮಾರಚರಿತವೆಂಬ ಚಂಪೂಕಾವ್ಯವನ್ನಾಗಿ ರಚಿಸಿದ. ಬಳ್ಳಿಗಾವೆಯಲ್ಲಿ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಲು ಪ್ರೇರಕನಾದವನೂ ಇವನೇ. ಅಂದಿನಿಂದ ಇಂದಿನವರೆಗೆ ಕಥೆಯ ಹೆಸರು ಸುಕುಮಾರನದು, ಓದುಗರ ನೆನಪಿನಲ್ಲಿ ನಿಂತದ್ದು ಅವನ ಮೃದುತ್ವ. ಆ ಕಾಲಿಗೆ ಹಿಂದೊಂದು ಕಥೆಯಿತ್ತೆಂಬುದನ್ನು ನೆನಪಿಟ್ಟವಳು ಸೋಮದತ್ತೆಯೊಬ್ಬಳೇ.